ಬಂದು ಹೋಗುವ ರೋಗ

ಪೂರ್ತಿ ಕೆಟ್ಟುನಿಂತ ಯಂತ್ರವನ್ನು ಸರಿಪಡಿಸುವುದು ಕಷ್ಟವಲ್ಲ. ಆಗೊಮ್ಮೆ ಈಗೊಮ್ಮೆ ಕೆಡುವ ಯಂತ್ರವೇ ಮನುಷ್ಯನ ತಾಳ್ಮೆಯನ್ನು ಅಳೆಯುವುದು. ವೈದ್ಯರ ಮನೆಯ ಮೆಟ್ಟಿಲು ಹತ್ತುತ್ತಲೇ ಇಳಿದುಹೋಗುವ ಜ್ವರದಂತೆ, ಪರೀಕ್ಷಕನು ಬಂದು ನಿಂತೊಡನೆ ಅದು ಪರಮಸಾಧುವಾಗಿಬಿಡುತ್ತದೆ.

ಬ್ಯಾಂಕು, ಆಸ್ಪತ್ರೆ, ರೈಲ್ವೆಗಳ ಲೆಕ್ಕಪತ್ರವನ್ನೆಲ್ಲ ಇಂದು ಹೊತ್ತಿರತಕ್ಕ ಸರ್ವರ್ ಎಂಬ ಗಣಕಯಂತ್ರಕ್ಕೆ ಕಿವಿಯೂ ಬಾಯಿಯೂ ಆಗಿರುವುದು ನೆಟ್‌ವರ್ಕ್ ಕಾರ್ಡ್. ಸುದ್ದಿಯನ್ನು ಅದು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ, ಪ್ರತಿಯೊಂದರ ತುದಿಗೂ 32 ಬಿಟ್‌ಗಳ ತಾಳೆಸಂಖ್ಯೆಯೊಂದನ್ನು ಅಂಟಿಸಿ ಕಳುಹಿಸುತ್ತದೆ. ತಾಳೆ ತಪ್ಪಿದ ಪೊಟ್ಟಣವನ್ನು ಎದುರಿನ ಕಾರ್ಡು ಸದ್ದಿಲ್ಲದೆ ಎಸೆಯುವುದು. ಕಳುಹಿಸಿದ ಯಂತ್ರವು ಮರಳಿ ಕಳುಹಿಸುವುದು. ಈ ಸೌಜನ್ಯವೇ ತೊಡಕಿಗೆ ಮೂಲ. ನಮಗೆ ಕಾಣುವುದು ದೋಷವಲ್ಲ, ಬರಿಯ ನಿಧಾನ.

ಹೆಚ್ಚಿನ ಸಂದರ್ಭಗಳಲ್ಲಿ ಅಪರಾಧಿ ಸಡಿಲಗೊಂಡ ತಂತಿಯೇ; ಇಲ್ಲವೆ 100 ಮೀಟರಿನ ಮಿತಿಯನ್ನು ಮೀರಿ ಎಳೆದ ತಂತಿ. ಇನ್ನು ಕೆಲವೆಡೆ ಒಂದು ತುದಿ ಏಕಕಾಲಕ್ಕೆ ಆಡುತ್ತ ಕೇಳುತ್ತಿರುತ್ತದೆ, ಮತ್ತೊಂದು ತುದಿ ಸರದಿ ಕಾಯುತ್ತದೆ. ಚಿಕ್ಕ ಮಾತು ಸಾಗುತ್ತದೆ. ದೊಡ್ಡ ಕಡತವನ್ನು ಕಳುಹಿಸಿದಾಗ ಮಾತ್ರ ಮುಗ್ಗರಿಸುತ್ತದೆ. ಕಾರ್ಡು ತನ್ನೊಳಗೆ ತಪ್ಪುಗಳ ಎಣಿಕೆಯನ್ನು ಇಟ್ಟುಕೊಂಡಿರುತ್ತದೆ. ಒಂದು ವೇಳೆಗೆ ಒಂದನ್ನೇ ಬದಲಿಸಿ, ಆ ಎಣಿಕೆ ಏರುವುದೋ ನಿಲ್ಲುವುದೋ ಎಂದು ನೋಡಬೇಕು. ಹೊಸ ಕಾರ್ಡಿಗೆ ಹಣ ತೆರುವುದು ಆ ಮೇಲಿನ ಮಾತು.

ಆದರೆ 2013ರ ಫೆಬ್ರವರಿಯಲ್ಲಿ ಅಮೆರಿಕೆಯ ಎಂಜಿನಿಯರನೊಬ್ಬನು ಪ್ರಕಟಿಸಿದ ವೃತ್ತಾಂತ ಪತ್ತೇದಾರಿ ಕಾದಂಬರಿಯನ್ನೂ ನಾಚಿಸುವಂಥದು. ಅಂತರ್ಜಾಲದ ಮೂಲಕ ದೂರವಾಣಿ ನಡೆಸುವ ಅವನ ಯಂತ್ರಗಳಲ್ಲಿ, ಇಂಟೆಲ್ 82574ಎಲ್ ಎಂಬ ಬಿಲ್ಲೆಯುಳ್ಳ ಕಾರ್ಡು ಇದ್ದಕ್ಕಿದ್ದಂತೆ ಮೂರ್ಛೆ ಹೋಗುತ್ತಿತ್ತು. ಯಂತ್ರವನ್ನು ಮರುಚಾಲನೆ ಮಾಡಿದರೂ ಎಚ್ಚರವಿಲ್ಲ. ವಿದ್ಯುತ್ತನ್ನೇ ಕಡಿದು ಕೊಡಬೇಕು. ಹಾದುಹೋದ ಪೊಟ್ಟಣಗಳನ್ನೆಲ್ಲ ದಾಖಲೆ ಮಾಡಿ, ಅವನ್ನೇ ಮತ್ತೆ ಮತ್ತೆ ಹಾಯಿಸಿ ನೋಡಿದಾಗ ಸಿಕ್ಕಿದ್ದು ಒಂದೇ ಒಂದು ಅಕ್ಷರ! ಪೊಟ್ಟಣದ 1151ನೆಯ ಸ್ಥಾನಾಂಕದಲ್ಲಿ '2' ಎಂಬ ಅಂಕಿ ಬಂದರೆ ಕಾರ್ಡಿಗೆ ಮರಣ. ಅದೇ ಸ್ಥಾನದಲ್ಲಿ '4' ಮೊದಲೇ ಬಂದಿದ್ದರೆ, ದೇವಿ ಹಾಕಿಸಿಕೊಂಡ ಮಗುವಿನಂತೆ, ಆ ಮೇಲೆ ಬಂದ '2' ಏನನ್ನೂ ಮಾಡಲಾರದು. ಅದು ದೂರವಾಣಿಯ ಸಂದೇಶವೇ ಆಗಿರಬೇಕೆಂಬ ನಿಯಮವೂ ಇರಲಿಲ್ಲ. ಯಾವ ಪೊಟ್ಟಣವಾದರೂ ಸರಿಯೆ.

ಬಿಲ್ಲೆಯಲ್ಲಿ ದೋಷವಿಲ್ಲ, ಮದರ್‌ಬೋರ್ಡ್ ತಯಾರಕರೊಬ್ಬರು ಅದರ ಸ್ಮೃತಿಕೋಶದಲ್ಲಿ ತಪ್ಪು ವಿವರಗಳನ್ನು ಬರೆದಿದ್ದರು ಎಂದು ಇಂಟೆಲ್ ಸಂಸ್ಥೆ ಸಮಜಾಯಿಷಿ ನೀಡಿತು. ಅಷ್ಟು ದಿನ ಬೈಗುಳ ತಿಂದದ್ದು ಮಾತ್ರ ಬಡಪಾಯಿ ಕಾರ್ಡು.