ತೂಕ ಒಂದೇ ಇದ್ದರೆ ಗುಂಡು ಒಂದೇ ಕಡೆ ಬೀಳುತ್ತದೆಯೇ?

ರೈಫಲ್ ಗುರಿ ಸ್ಪರ್ಧೆಗೆ ಅಭ್ಯಾಸ ಮಾಡುವವರಲ್ಲಿ ಒಂದು ನಂಬಿಕೆಯಿದೆ: ಗುಂಡುಗಳನ್ನು ಒಂದೊಂದಾಗಿ ತೂಗಿ, ಸಮ ತೂಕದವನ್ನು ಆರಿಸಿಕೊಂಡರೆ ಅಂಕ ಏರುತ್ತದೆ. ಅದಕ್ಕೆಂದೇ ದುಬಾರಿ ಡಿಜಿಟಲ್ ತಕ್ಕಡಿ ಕೊಳ್ಳುವವರೂ ಇದ್ದಾರೆ. ಇದರಲ್ಲಿ ಎಷ್ಟು ನಿಜವಿದೆ? ಲೆಕ್ಕ ಹಾಕಿ ನೋಡೋಣ.

0.308 ಇಂಚು ವ್ಯಾಸದ ಸ್ಪರ್ಧಾ ಗುಂಡುಗಳಲ್ಲಿ 168 ಗ್ರೇನ್ ತೂಕದವು ಬಹಳ ಬಳಕೆಯಲ್ಲಿವೆ. ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ, ಹಾಗಾಗಿ ಈ ಗುಂಡಿನ ತೂಕ ಸುಮಾರು 10.9 ಗ್ರಾಂ. ಎರಡು ಗುಂಡುಗಳ ನಡುವೆ 0.3 ಗ್ರೇನ್ ವ್ಯತ್ಯಾಸವಿದೆ ಎಂದುಕೊಳ್ಳೋಣ. ಅದು ಒಟ್ಟು ತೂಕದ ಶೇ. 0.18 ಮಾತ್ರ. ಎರಡಕ್ಕೂ ಒಂದೇ ಶಕ್ತಿ ಸಿಕ್ಕರೆ ವೇಗದ ವ್ಯತ್ಯಾಸ ಇದರ ಅರ್ಧ, ಅಂದರೆ ಶೇ. 0.09. ಸೆಕೆಂಡಿಗೆ 800 ಮೀಟರ್ ವೇಗದ ಗುಂಡಿನಲ್ಲಿ ಇದು ಸುಮಾರು 0.7 ಮೀಟರ್. ಇದರಿಂದ 300 ಮೀಟರ್ ದೂರದಲ್ಲಿ ಗುಂಡು ತಗಲುವ ಜಾಗ 2 ಮಿಲಿಮೀಟರ್ ಕೂಡ ಬದಲಾಗುವುದಿಲ್ಲ. ಆ ದೂರದ ಸ್ಪರ್ಧೆಯಲ್ಲಿ 10 ಅಂಕದ ವೃತ್ತದ ವ್ಯಾಸವೇ 100 ಮಿಲಿಮೀಟರ್!

ಹಾಗಾದರೆ ಗುಂಡುಗಳು ಚದುರುವುದೇಕೆ? ಗಾಳಿ, ಮದ್ದಿನ ಏರುಪೇರು, ಗುರಿಕಾರರ ಕೈ ಇವೆಲ್ಲ ಕಾರಣಗಳೇ. ಗುಂಡಿನೊಳಗೇ ಅಡಗಿರುವ ಒಂದು ಕಾರಣವೂ ಇದೆ. ಸ್ಪರ್ಧಾ ಗುಂಡು ಸಾಮಾನ್ಯವಾಗಿ ಸೀಸದ ತಿರುಳಿನ ಮೇಲೆ ತಾಮ್ರದ ತೆಳು ಕವಚ ಹೊಂದಿರುತ್ತದೆ. ಕವಚ ಒಂದು ಬದಿಯಲ್ಲಿ ಕೊಂಚ ದಪ್ಪವಾದರೆ ಗುಂಡಿನ ತೂಕದ ಕೇಂದ್ರ ನಡುವಿನಿಂದ ಸರಿಯುತ್ತದೆ. 12 ಇಂಚಿಗೆ ಒಂದು ಸುತ್ತು ತಿರುಗಿಸುವ ನಳಿಗೆಯಿಂದ ಹೊರಟ ಈ ಗುಂಡು ಸೆಕೆಂಡಿಗೆ ಸುಮಾರು 2,600 ಸುತ್ತು ತಿರುಗುತ್ತಿರುತ್ತದೆ. ಕೇಂದ್ರ ಒಂದು ಮಿಲಿಮೀಟರಿನ ಸಾವಿರದಲ್ಲಿ 5 ಭಾಗದಷ್ಟು, ಅಂದರೆ 0.005 ಮಿಲಿಮೀಟರ್ ಸರಿದಿದ್ದರೂ ಗುಂಡು ನಳಿಗೆ ಬಿಡುವಾಗ ಪಕ್ಕಕ್ಕೆ ತಳ್ಳಲ್ಪಡುತ್ತದೆ. 300 ಮೀಟರ್ ಸಾಗುವಷ್ಟರಲ್ಲಿ ಅದು ಸುಮಾರು 3 ಸೆಂಟಿಮೀಟರ್ ಆಚೆ ಹೋಗಿರುತ್ತದೆ. ತಕ್ಕಡಿಗೆ ಈ ದೋಷ ಕಾಣುವುದೇ ಇಲ್ಲ. ತೂಕ ಮಾತ್ರ ಸರಿಯಾಗಿಯೇ ಇರುತ್ತದೆ.

ಹಾಗೆಂದು ತೂಗುವುದು ವ್ಯರ್ಥವೇನಲ್ಲ. ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಹಗುರವಾದ ಗುಂಡಿನ ತಿರುಳಿನಲ್ಲಿ ಟೊಳ್ಳು ಇರಬಹುದು. ಅದನ್ನು ತೆಗೆದಿಡುವುದು ಒಳ್ಳೆಯದು. ಆದರೆ ಮೊದಲು ತಕ್ಕಡಿಯನ್ನೇ ಪರೀಕ್ಷಿಸಬೇಕು. ಒಂದೇ ಗುಂಡನ್ನು ಹತ್ತು ಸಲ ತೂಗಿ ನೋಡಿ. ಪ್ರತಿ ಸಲ 0.1 ಗ್ರೇನ್ ಅತ್ತಿತ್ತ ತೋರಿಸುವ ತಕ್ಕಡಿಯಿಂದ 0.1 ಗ್ರೇನ್ ಲೆಕ್ಕದಲ್ಲಿ ಗುಂಡು ವಿಂಗಡಿಸಿದರೆ, ನಾವು ವಿಂಗಡಿಸಿದ್ದು ಗುಂಡುಗಳನ್ನಲ್ಲ, ತಕ್ಕಡಿಯ ತಪ್ಪನ್ನು. ಫ್ಯಾನಿನ ಗಾಳಿಯೂ ಅಂಕಿ ಕದಲಿಸಬಲ್ಲದು.

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಅನ್ನು ನಮ್ಮೂರಿನ ಅನೇಕ ಮಕ್ಕಳು ಇಂದು ಕಲಿಯುತ್ತಿದ್ದಾರೆ. ಅದರ 4.5 ಮಿಲಿಮೀಟರ್ ಪೆಲೆಟ್ ಅರ್ಧ ಗ್ರಾಂ ಆಸುಪಾಸು ತೂಗುತ್ತದೆ. ಅದರ ಹಿಂಬದಿಯ ಅಂಚು ನಜ್ಜಾಗಿದ್ದರೂ ತೂಕ ಬದಲಾಗದು. ಆದ್ದರಿಂದ ಪೋಷಕರು ತಕ್ಕಡಿಗೆ ಹಣ ಹಾಕುವ ಮೊದಲು ಬೇರೆ ಬೇರೆ ಬ್ಯಾಚಿನ ಪೆಲೆಟ್ ತರಿಸಿ, ರೈಫಲನ್ನು ಭದ್ರವಾಗಿ ಬಿಗಿದು ಹೊಡೆಸಿ, ಯಾವುದು ಒತ್ತಾಗಿ ಬೀಳುತ್ತದೆ ಎಂದು ನೋಡುವುದು ಜಾಣತನ. ಕೊನೆಯ ತೀರ್ಪು ಕೊಡುವುದು ತಕ್ಕಡಿಯಲ್ಲ, ಗುರಿಹಲಗೆ.