ಪುರುಷರತ್ನವನ್ನು ಗುರುತಿಸುವ ಬಗೆ

ಹಿಮಾಲಯದ ಎತ್ತರದ ತಪ್ಪಲುಗಳಲ್ಲಿಯೂ ಅಮೆರಿಕದ ಪಶ್ಚಿಮಭಾಗದ ಸೂಚಿಪರ್ಣ ವೃಕ್ಷಗಳ ಕಾಡುಗಳಲ್ಲಿಯೂ ತಂಪಾದ ನೆರಳಿನಲ್ಲಿ ಹಳದಿ ಬಣ್ಣದ ವಯೊಲೆಟ್ ಹೂ ಅರಳುವುದುಂಟು. ಅದನ್ನು ಇಟ್ಟಿಗಿಯ ಬಿಸಿಲಿನಲ್ಲಿ ಅರಸಿ ಫಲವಿಲ್ಲ. ಆದರೆ ಅದೇ ವಂಶದ ಸಸ್ಯವೊಂದು ನಮ್ಮ ಬಯಲುಸೀಮೆಯ ಬದುಗಳಲ್ಲಿಯೂ ಬೀಳುನೆಲಗಳಲ್ಲಿಯೂ ಮಳೆಗಾಲದಲ್ಲಿ ತಲೆಯೆತ್ತುವುದು. ಹೂವಿನ ಹೆಸರನ್ನೇ ಹೊತ್ತ ಹಡಗಲಿ ತಾಲ್ಲೂಕಿನವರು ಮಲ್ಲಿಗೆಯನ್ನು ಬಲ್ಲಷ್ಟು ಇದನ್ನು ಬಲ್ಲವರಲ್ಲ. ಇದರ ಹೆಸರು ಪುರುಷರತ್ನ.

ಗಿಡವು ಸಾಮಾನ್ಯವಾಗಿ ಒಂದು ಗೇಣಿನಷ್ಟು ಎತ್ತರ. ಎಲೆಗಳು ಕಿರಿದಾಗಿ ಉದ್ದವಾಗಿದ್ದು, ತೊಟ್ಟು ಇಲ್ಲವೆಂಬಷ್ಟು ಚಿಕ್ಕದು. ಎಲೆಯ ಕಂಕುಳಲ್ಲಿ ಒಂದೊಂದೇ ಹೂ ಮೂಡುವುದು. ಬಣ್ಣ ನಸುನೇರಳೆ ಬೆರೆತ ಗುಲಾಬಿ. ಎಸಳುಗಳು ಐದಾದರೂ ನೋಡುವವರಿಗೆ ಒಂದೇ ಎಂದು ತೋರುವುದು. ಏಕೆಂದರೆ ನಾಲ್ಕು ತೀರ ಚಿಕ್ಕವು. ಕೆಳಗಿನದೊಂದು ಮಾತ್ರ ಸಲಿಕೆಯಂತೆ ಅಗಲವಾಗಿ ಮುಂಚಾಚಿರುವುದು. ತಮಿಳರು ಇದನ್ನು ಒಂದೆಸಳಿನ ತಾವರೆಯೆಂದು ಕರೆಯುವುದು ಬಹು ಉಚಿತವಾಗಿದೆ. ಲಿನೇಯಸ್ ಪಂಡಿತನು 1753ರಲ್ಲಿ ಇದನ್ನು ವಯೊಲೆಟ್ಟಿನ ಕುಲದಲ್ಲಿಯೇ ಇರಿಸಿ ‘ಒಂಬತ್ತು ಬೀಜದ್ದು’ ಎಂಬರ್ಥದ ಹೆಸರಿಟ್ಟನು. ಮುಂದೆ ಬಂದ ಶಾಸ್ತ್ರಜ್ಞರು ಬೇರೆ ಕುಲಕ್ಕೆ ಸೇರಿಸಿದರು.

ಹೂವಿರುವಾಗ ತಪ್ಪುವ ಸಂಭವ ಕಡಿಮೆ. ವಿಷ್ಣುಕ್ರಾಂತಿಯ ಹೂ ನೀಲಿ, ದುಂಡು. ಅದರಲ್ಲಿ ದೊಡ್ಡೆಸಳು ಚಿಕ್ಕೆಸಳೆಂಬ ಭೇದವಿಲ್ಲ. ಕೊಗ್ಗಿಯ ಹೂ ಬಣ್ಣದಲ್ಲಿ ಹೋಲಬಹುದು. ಆದರೆ ಅದರ ಎಲೆ ಹಲವು ಕಿರಿದಳಗಳಾಗಿ ಒಡೆದಿರುವುದು, ಕಾಯಿ ಚಪ್ಪಟೆಯಾದದ್ದು. ಪುರುಷರತ್ನದ ಕಾಯಾದರೋ ಪುಟ್ಟ ಗುಂಡು. ಒಣಗಿದಾಗ ಮೂರು ಹೋಳಾಗಿ ಬಿರಿಯುವುದು. ಒಳಗಿನ ಬೀಜದ ಮೈಮೇಲೆ ಉದ್ದುದ್ದ ಗೀರುಗಳಿರುವುವು.

ಈ ಕಾಯಿಯ ಗುರುತೇ ಗೃಹಸ್ಥರಿಗೆ ಮುಖ್ಯವಾದುದು. ಈ ಮೂಲಿಕೆಯನ್ನು ಧಾತುಪುಷ್ಟಿಗೂ ಮೂತ್ರದೋಷಗಳಿಗೂ ಬಳಸುವ ವಾಡಿಕೆಯುಂಟು. ಒಣಗಿದ ಕಟ್ಟಿನಲ್ಲಿ ಹೂ ಮುದುಡಿಹೋಗಿರುವುದರಿಂದ, ಕಾಯಿಯೂ ಇಲ್ಲದ ಕಟ್ಟನ್ನು ಮಾರುವವನ ಮಾತೊಂದನ್ನೇ ನಂಬಿ ಕೊಳ್ಳಬಾರದು. ಗಿಡವು ನಿಜವಾದುದೇ ಆದರೂ ವೈದ್ಯರನ್ನು ಕೇಳದೆ ಸೇವಿಸಕೂಡದು. ಹೆಸರಿನ ಮೋಹಕ್ಕೆ ಔಷಧಿ ನುಂಗುವವರು ನಮ್ಮಲ್ಲಿ ಕಡಿಮೆಯೇನಿಲ್ಲ!

ಇನ್ನೊಂದು ಮಾತು. ಇದನ್ನು ಬೇರುಸಹಿತ ಕೀಳುವುದೇ ರೂಢಿ. ಕಾಯಿ ಬಲಿಯುವ ಮೊದಲೇ ಕಿತ್ತರೆ ಆ ಬದುವಿಗೆ ಮುಂದಿನ ಮಳೆಗೆ ಬೀಜವೆಲ್ಲಿಯದು? ಬೇಕಾದವರು ನಾಲ್ಕು ಗಿಡಗಳನ್ನು ಹಾಗೆಯೇ ಬಿಟ್ಟು, ಕಾಯಿ ಕಂದುಬಣ್ಣಕ್ಕೆ ತಿರುಗುತ್ತಲೇ ರೆಂಬೆಗೆ ತೆಳುಬಟ್ಟೆಯ ಚೀಲವೊಂದನ್ನು ಕಟ್ಟಲಿ. ಬಿರಿದ ಬೀಜ ಅದರಲ್ಲಿಯೇ ಉಳಿಯುವುದು.