ಹಿಡಿಯುವುದು ಕೊನೆಯ ಕೆಲಸ

ಮಾರ್ಚ್ ಬಂತೆಂದರೆ ಆಗುಂಬೆ ಸುತ್ತಿನ ಉರಗತಜ್ಞರ ಫೋನಿಗೆ ಬಿಡುವಿರುವುದಿಲ್ಲ. ಬಚ್ಚಲೊಲೆ ಪಕ್ಕದ ಸೌದೆ ರಾಶಿಯಲ್ಲಿ ಕಾಳಿಂಗ, ಕೊಟ್ಟಿಗೆಯ ಅಟ್ಟದಲ್ಲಿ ಕಾಳಿಂಗ, ಅಡಿಕೆ ತೋಟದಲ್ಲಿ ಹೆಡೆಯೆತ್ತಿ ಸೆಣಸುತ್ತಿರುವ ಎರಡು ಗಂಡು ಕಾಳಿಂಗ. ಮೇವರೆಗೂ ಇದೇ ಸುದ್ದಿ. ಅದು ಅವು ಜೊತೆಗೂಡುವ ಕಾಲ. ಹೆಣ್ಣಿನ ವಾಸನೆ ಹಿಡಿದು ಹೊರಟ ಗಂಡಿಗೆ ಕಾಡು ಯಾವುದು, ಅಂಗಳ ಯಾವುದು ಎಂಬ ಗಡಿಯಿಲ್ಲ. ಇಲ್ಲವೇ ಕೇರೆಹಾವಿನ ಬೆನ್ನು ಹತ್ತಿ ಮನೆಯೊಳಗೇ ಬಂದಿರುತ್ತದೆ; ಕಾಳಿಂಗಕ್ಕೆ ಮಿಕ್ಕ ಹಾವುಗಳೇ ಆಹಾರ. ಇಂಥ ಕರೆ ಬಂದಾಗ ಬಲ್ಲವರು ಮೊದಲು ಕೇಳುವುದು, ಹಾವು ಒಳಗಿದೆಯೋ ಹೊರಗಿದೆಯೋ ಎಂದು. ಹೊರಗಿದ್ದರೆ ಅವರ ಸಲಹೆ ಸರಳ: ಮಕ್ಕಳನ್ನೂ ನಾಯಿಯನ್ನೂ ಒಳಗೆ ಕರೆದುಕೊಳ್ಳಿ, ದೂರ ನಿಲ್ಲಿ, ಅದು ತನ್ನ ಪಾಡಿಗೆ ಹೋಗುತ್ತದೆ. ಹಿಡಿಯುವುದು ಕೊನೆಯ ಕೆಲಸ.

ಈಗ ಮೊಬೈಲ್ ತೆರೆದರೆ ಕಾಣುವುದು ಇದರ ತಿರುವುಮುರುವು. ನಾಗರಹಾವಿನ ಹೆಡೆಗೆ ಮುತ್ತಿಡುವವರು, ಕೊಳಕುಮಂಡಲವನ್ನು ಕೊರಳಿಗೆ ಹಾಕಿಕೊಳ್ಳುವವರು, ಬಾಲ ಹಿಡಿದು ತಿರುಗಿಸಿ ಚಪ್ಪಾಳೆ ಗಿಟ್ಟಿಸುವವರು. ಜನ ಇವರನ್ನೇ ಉರಗಪ್ರೇಮಿಗಳು ಎಂದು ಕರೆದು ಹಾರ ಹಾಕುತ್ತಾರೆ. ನನಗೆ ಇದನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. ಹಾವಿಗೂ ಹಿಂಸೆ, ಹಿಡಿದವರ ಜೀವಕ್ಕೂ ಸಂಚಕಾರ. ನೋಡಿದ ಹುಡುಗರು ನಾಳೆ ತಾವೂ ಕೈ ಹಾಕುತ್ತಾರೆ.

ಹಿಡಿಯಲೇಬೇಕಾದಾಗ ಕೆಲಸ ಹೇಗೆ ನಡೆಯಬೇಕು? ಮೊದಲು ಜನರನ್ನು ಹಿಂದೆ ಸರಿಸಬೇಕು, ಗದ್ದಲ ಅಡಗಿಸಬೇಕು. ಕಪ್ಪು ಚೀಲದ ಬಾಯಿಗೆ ಒಂದು ಪೈಪು ಕಟ್ಟಿ, ಗೋಡೆಯ ಬದಿಯಲ್ಲಿ ಅಲುಗದಂತೆ ಇಡಬೇಕು. ಕೊಕ್ಕೆಯಿಂದ ಮೆಲ್ಲಗೆ ದಾರಿ ತೋರಿಸಿದರೆ, ಅಡಗಲು ಕತ್ತಲೆ ಹುಡುಕುತ್ತಿರುವ ಹಾವು ಪೈಪನ್ನು ಬಿಲವೆಂದು ತಿಳಿದು ತಾನಾಗಿ ಒಳಗೆ ಹೋಗುತ್ತದೆ. ತಲೆ ಅದುಮಿ ಹಿಡಿಯುವ ಪ್ರಮೇಯವೇ ಇಲ್ಲ. ಆಮೇಲಿನ ಕೆಲಸವೇ ದೊಡ್ಡದು. ಅದೇ ಜಗಲಿಯಲ್ಲಿ ಊರವರನ್ನು ಕೂರಿಸಿಕೊಂಡು, ಬಂದದ್ದು ಯಾವ ಹಾವು, ಯಾಕೆ ಬಂತು, ಮುಂದೆ ಬಂದರೆ ಏನು ಮಾಡಬೇಕು ಎಂದು ಹೇಳಿ, ಅವರನ್ನು ಒಪ್ಪಿಸಿ, ಹಾವನ್ನು ಹತ್ತಿರದ ಕಾಡಿನಲ್ಲೇ ಬಿಡುವುದು.

ಹತ್ತಿರದಲ್ಲೇ ಯಾಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದೂ ಆಗುಂಬೆಯಲ್ಲೇ. ಉರಗತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು. 2008ರಿಂದ ಕಾಳಿಂಗಗಳ ದೇಹದೊಳಗೆ ಪುಟ್ಟ ರೇಡಿಯೊ ಸಾಧನ ಇಟ್ಟು, ಸಂಶೋಧಕರು ಆಂಟೆನಾ ಹಿಡಿದು ಅವುಗಳ ಹಿಂದೆ ಹಗಲಿಡೀ ನಡೆದರು. ತನ್ನ ನೆಲೆಯಲ್ಲೇ ಇದ್ದ ಹಾವು ಗೊತ್ತಿರುವ ಜಾಗದಲ್ಲಿ ಓಡಾಡಿಕೊಂಡಿತ್ತು. ದೂರ ಒಯ್ದು ಬಿಟ್ಟದ್ದು ಮಾತ್ರ ಎಲ್ಲೂ ನಿಲ್ಲದೆ ಬಹುದೂರ ಅಲೆಯಿತು. ಪುಣ್ಯದ ಕೆಲಸವೆಂದು ಹಾವನ್ನು ಜೀಪಿನಲ್ಲಿ ಹಾಕಿಕೊಂಡು ದಟ್ಟ ಕಾಡಿಗೆ ಬಿಟ್ಟು ಬರುವ ನಮ್ಮ ರೂಢಿಯನ್ನೇ ಇದು ಪ್ರಶ್ನಿಸಿತು.

ಕಾಳಿಂಗದ ಗೂಡಿನ ವಿಷಯದಲ್ಲೂ ಹಾಗೇ. ಎಲೆ ಒಟ್ಟುಮಾಡಿ ಗೂಡು ಕಟ್ಟುವ ಹಾವು ಜಗತ್ತಿನಲ್ಲಿ ಇದೊಂದೇ. ಕೈಕಾಲಿಲ್ಲದ ತಾಯಿ ಮೈಯ ಸುರುಳಿಯಿಂದಲೇ ದರಗೆಲೆ, ಬಿದಿರೆಲೆ ಎಳೆದು ತಂದು ಗುಡ್ಡೆ ಹಾಕಿ, ಮೊಟ್ಟೆಯಿಟ್ಟು, ಕಾವಲು ಕೂರುತ್ತದೆ. ಮಲೆನಾಡಿನಲ್ಲಿ ಇಂಥ ಗೂಡು ಮನೆಯ ಹಿತ್ತಲಿನಾಚೆಯೇ ಇರುವುದುಂಟು. ತೆಗೆಸಿಬಿಡಿ ಎನ್ನುವ ಮನೆಯವರನ್ನು ಒಪ್ಪಿಸಿ, ಗೂಡನ್ನು ಅಲ್ಲೇ ಉಳಿಸಿ, ಮರಿ ಹೊರಬರುವ ಹೊತ್ತಿಗೆ ಸುತ್ತ ಬಲೆ ಕಟ್ಟಿ, ಮಳೆಯಲ್ಲಿ ಕಾದು ಕೂತು ಮರಿಗಳನ್ನು ಕಾಡಿಗೆ ಬಿಡುವವರಿದ್ದಾರೆ. ತಿಂಗಳುಗಟ್ಟಲೆ ತಾಳ್ಮೆಯ ಈ ಕೆಲಸದಲ್ಲಿ ಹೆಚ್ಚಿನ ಪಾಲು ಆ ಮನೆಯವರದೇ. ಅವರ ಹೆಸರು ಯಾವ ಪ್ರಬಂಧದಲ್ಲೂ ಮೊದಲ ಸಾಲಿನಲ್ಲಿ ಇರುವುದಿಲ್ಲ.

ಉರಗತಜ್ಞ ಗೌರಿಶಂಕರ್ ಅವರಿಗೆ 2005ರಲ್ಲಿ ಕಾಳಿಂಗ ಕಚ್ಚಿತ್ತು. ಥಾಯ್ಲೆಂಡಿನ ಕಾಳಿಂಗಕ್ಕಾಗಿ ತಯಾರಾದ ಪ್ರತಿವಿಷ ನಮ್ಮ ಹಾವಿನ ವಿಷಕ್ಕೆ ಸರಿಹೊಂದಲಿಲ್ಲ. ಯಾಕೆ ಎಂದು ಹುಡುಕುತ್ತಾ ಹೋದ ಅವರೂ ಸಂಗಡಿಗರೂ 2024ರಲ್ಲಿ, ಒಂದೇ ಎಂದುಕೊಂಡಿದ್ದ ಕಾಳಿಂಗದಲ್ಲಿ ನಾಲ್ಕು ಪ್ರಭೇದಗಳಿವೆ, ಪಶ್ಚಿಮಘಟ್ಟದ್ದೇ ಬೇರೆ ಎಂದು ತೋರಿಸಿದರು. ಸಾವಿನ ಬಾಗಿಲು ತಟ್ಟಿ ಬಂದವರು ಆ ಹಾವನ್ನೇ ಇನ್ನಷ್ಟು ತಿಳಿಯಲು ಹೊರಟರಲ್ಲ, ನನ್ನ ಗೌರವ ಅದಕ್ಕೆ.

ಕಾಳಿಂಗ ಕಚ್ಚುವುದು ಬಲು ಅಪರೂಪ. ನಮ್ಮ ರೈತರನ್ನು ಕೊಲ್ಲುತ್ತಿರುವವು ಮುಖ್ಯವಾಗಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. 2000ದಿಂದ 2019ರವರೆಗೆ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರೆಂಬ ಅಂದಾಜಿದೆ; ವರ್ಷಕ್ಕೆ ಸರಾಸರಿ 58 ಸಾವಿರ. ಹೆಚ್ಚಿನವರು ಹಳ್ಳಿಯವರು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಎಷ್ಟೋ ಸಲ ನೋವೂ ಇಲ್ಲ, ಬಾವೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು ಎಂದು ಎದ್ದವರ ರೆಪ್ಪೆ ಜೋಲುವಾಗಲೇ ಮನೆಯವರಿಗೆ ಅನುಮಾನ ಬರುವುದು. ಒಂದು ಸೊಳ್ಳೆಪರದೆಯನ್ನು ಹಾಸಿಗೆಯಡಿ ಸರಿಯಾಗಿ ಸಿಕ್ಕಿಸಿದ್ದರೆ ಆ ಜೀವ ಉಳಿಯುತ್ತಿತ್ತು.

ಕಚ್ಚಿದ ಮೇಲೆ ಮದ್ದು ಪ್ರತಿವಿಷವೊಂದೇ. ಅದಕ್ಕೆ ಬೇಕಾದ ವಿಷದ ದೊಡ್ಡ ಪಾಲನ್ನು ಒದಗಿಸುತ್ತಾ ಬಂದಿರುವುದು ಚೆನ್ನೈ ಬಳಿಯ ಇರುಳ ಬುಡಕಟ್ಟಿನವರ ಸಹಕಾರ ಸಂಘ. ಹಾವಿನ ಚರ್ಮದ ವ್ಯಾಪಾರ ನಿಷೇಧವಾಗಿ ದಿಕ್ಕುಗೆಟ್ಟಿದ್ದ ಈ ಸಮುದಾಯ 1978ರಲ್ಲಿ ವಿಟೇಕರ್ ಒತ್ತಾಸೆಯಿಂದ ಕಟ್ಟಿಕೊಂಡ ಸಂಘವದು. ಹಾವನ್ನು ಹಿಡಿದು, ಮಡಕೆಯಲ್ಲಿಟ್ಟು, ಕೆಲವು ವಾರಗಳಲ್ಲಿ ನಾಲ್ಕು ಸಲ ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಆದರೆ ಒಂದೇ ಜಾತಿಯ ಹಾವಾದರೂ ಪ್ರದೇಶ ಬದಲಾದಂತೆ ವಿಷ ಬದಲಾಗುತ್ತದೆ. ಒಂದು ಕಡೆಯ ವಿಷದಿಂದ ಮಾಡಿದ ಔಷಧ ಇನ್ನೊಂದೆಡೆ ಸೋಲಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುಣಗಾರ್ ಅವರ ತಂಡ ಇದನ್ನು ಮತ್ತೆ ಮತ್ತೆ ತೋರಿಸಿದೆ. ಪ್ರದೇಶಕ್ಕೆ ತಕ್ಕ ಪ್ರತಿವಿಷ ಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು 2024ರಲ್ಲಿ ಕರ್ನಾಟಕ ಆದೇಶಿಸಿತು. ಒಳ್ಳೆಯ ಹೆಜ್ಜೆ. ಹಿಡಿಯುವವರ ವಿಷಯದಲ್ಲೂ ಇಷ್ಟೇ ಗಟ್ಟಿ ನಿಲುವು ಬೇಕು. ಕೇರಳದ ಅರಣ್ಯ ಇಲಾಖೆ ತರಬೇತಿ ಕೊಟ್ಟು ಪ್ರಮಾಣಪತ್ರ ಪಡೆದವರನ್ನಷ್ಟೇ ಹಾವು ಹಿಡಿಯಲು ಕಳಿಸುತ್ತದೆ. ಹತ್ತಿರದಲ್ಲಿ ಯಾರಿದ್ದಾರೆಂದು ಅದರ ಸರ್ಪ ಆ್ಯಪ್ ತೋರಿಸುತ್ತದೆ. ನಮ್ಮಲ್ಲಿ ನಡುರಾತ್ರಿ ಸ್ವಂತ ಬೈಕಿಗೆ ಸ್ವಂತ ದುಡ್ಡಿನ ಪೆಟ್ರೋಲ್ ಹಾಕಿಕೊಂಡು ಹೊರಡುವ ಎಷ್ಟೋ ಹುಡುಗರಿದ್ದಾರೆ. ಅವರಿಗೆ ತರಬೇತಿ, ಪೈಪು, ಚೀಲ, ಕೊಕ್ಕೆ, ಗುರುತಿನ ಚೀಟಿ, ಜೀವವಿಮೆ ಸರ್ಕಾರದಿಂದ ಸಿಗಲಿ. ಹಾವಿನ ಜೊತೆ ಆಟವಾಡಿ ವಿಡಿಯೊ ಹಾಕಿದವರ ಚೀಟಿಯನ್ನು ಅವತ್ತೇ ವಾಪಸ್ ಪಡೆಯಲಿ.